ಎಲೆ ಮಡಚುವವರು

ಕರಾವಳಿಯ ಮಳೆಗಾಲದ ಅಡುಗೆಯಲ್ಲಿ ಪಾತ್ರೆಗಿಂತ ಎಲೆಗೆ ಕೆಲಸ ಜಾಸ್ತಿ. ಪುತ್ತೂರು, ಸುಳ್ಯದ ಕಡೆ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ತೋಟದಲ್ಲಿ ತರಕಾರಿಗೆ ಬರ, ಎಲೆಗೆ ಬರವಿಲ್ಲ. ಹಿಟ್ಟನ್ನು ಎಲೆಯಲ್ಲಿ ಸುತ್ತಿ ಅಟ್ಟಿನಳಗೆಯ ಹಬೆಯಲ್ಲಿ ಬೇಯಿಸುವ ತಿಂಡಿಗಳು ಒಂದರ ಬೆನ್ನಿಗೊಂದು ಬರುವುದೂ ಆಗಲೇ: ಹಲಸಿನ ಹಣ್ಣಿನ ಗಟ್ಟಿ, ಪತ್ರೊಡೆ, ಅರಿಶಿನ ಎಲೆಯ ಕಡುಬು, ಕೊಟ್ಟೆ ಕಡುಬು, ಮೂಡೆ. ಯಾವುದು ಯಾವಾಗ ಎಂದು ತಿಳಿಯಲು ಪಂಚಾಂಗ ಬಿಡಿಸಬೇಕಾಗಿಲ್ಲ, ತೋಟಕ್ಕೆ ಒಂದು ಸುತ್ತು ಬಂದರೆ ಸಾಕು.

ಪಾಕ ಕೇಳಿದರೂ ಇಲ್ಲಿಯವರು ಸೇರು, ಪಾವಿನಿಂದ ಶುರುಮಾಡುವುದಿಲ್ಲ. "ಎಷ್ಟು ಅಕ್ಕಿ ನೆನೆಸ್ಬೇಕು ಅಕ್ಕಾ?" ಎಂದು ನೆರೆಮನೆಯವರನ್ನು ಕೇಳಿದೆ. "ಮೊದ್ಲು ಎಲೆ ಎಷ್ಟುಂಟು ನೋಡಿ ಮಾರಾಯ್ರೆ, ಮತ್ತೆ ಅಕ್ಕಿ ನೆನೆಸಿ" ಎಂದರು. ಅಳತೆ ಶುರುವಾಗುವುದು ಎಲೆಯಿಂದ. ಆ ಎಲೆಯನ್ನು ಹುಡುಕುತ್ತ ಹೋದರೆ ಗಿಡದ ಮೇಲೆ ನಮಗಿಂತ ಮೊದಲೇ ಬಂದು ಕೂತವರು ಕಾಣುತ್ತಾರೆ. ಈ ಟಿಪ್ಪಣಿಗಳಲ್ಲಿ ಪಾಕದ ಜೊತೆ ಅವರ ಸುದ್ದಿಯೂ ಸೇರಿಕೊಂಡಿದೆ.

ಜೂನ್: ಸಾಗುವಾನಿ

ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದೊಡನೆ ಸಾಗುವಾನಿ ಚಿಗುರುತ್ತದೆ. ಚಿಗುರಿದ ಹಿಂದೆಯೇ ಹುಳ. ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿ ಇದು. ಹುಳ ಹೆಚ್ಚಿದ ವರ್ಷ ಮರದಡಿ ನಿಂತರೆ ಮೇಲಿಂದ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತದೆ. ನೂಲಿಗೆ ಜೋತು ಬಿದ್ದ ಹುಳಗಳು ನಡೆಯುವವರ ತಲೆ, ಹೆಗಲಿಗೆ ತಾಗುತ್ತವೆ. ಹತ್ತಿರದ ಎಲೆಯೊಂದನ್ನು ಹಿಡಿದು ನೋಡಿದರೆ ಅಂಚಿನಲ್ಲಿ ಸಣ್ಣದೊಂದು ಮಡಿಕೆ. ಸ್ವಲ್ಪ ಬಲಿತ ಹುಳ ಅಂಚನ್ನು ಬಾಗಾಗಿ ಕತ್ತರಿಸುತ್ತದೆ. ತುಂಡನ್ನು ಪೂರ್ತಿ ಬಿಡಿಸದೆ ಎಲೆಯ ಮೇಲೇ ಮಡಚಿ, ನೂಲಿನಿಂದ ಬಿಗಿದು, ಅದರಡಿ ಅಡಗುತ್ತದೆ. ಹಸಿವಾದಾಗ ಹೊರಬಂದು ಮೇಯುತ್ತದೆ. ಕೆಲವೇ ದಿನಗಳಲ್ಲಿ ಮರದಲ್ಲಿ ಎಲೆಯ ದಪ್ಪ ನರಗಳಷ್ಟೇ ಉಳಿಯುತ್ತವೆ.

ಮರಕ್ಕೆ ಇದರಿಂದ ಸಾವಿಲ್ಲ. ಹುಳ ಇಳಿದ ಮೇಲೆ ಇನ್ನೊಮ್ಮೆ ಚಿಗುರುತ್ತದೆ. ಅಡುಗೆಗೆ ಒದಗುವುದು ಈ ಎರಡನೆಯ ಚಿಗುರು, ಅಥವಾ ಕಡಿದ ಬುಡದಿಂದ ಎದ್ದ ಕೊಡಿಗಳ ಅಗಲ ಎಲೆ. ಎಳೆಯ ಎಲೆಯನ್ನು ಬೆರಳ ನಡುವೆ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ. ಬಿಟ್ಟರೆ ಅದು ಗಟ್ಟಿಗೆ ಆಗುವ ಎಲೆ. ಉಜ್ಜಿದರೂ ಬೆರಳು ಕೆಂಪಾಗದಷ್ಟು ಬಲಿತದ್ದು ಒರಟು, ಮಡಚಿದರೆ ಮುರಿಯುತ್ತದೆ.

ಹಲಸಿನ ಕೊನೆಯ ಹಣ್ಣುಗಳು ಮಳೆನೀರು ಕುಡಿದು ಸಪ್ಪೆಯಾಗುವ ಮೊದಲು ಗಟ್ಟಿ ಮಾಡಬೇಕು. ಒಂದು ಪಾಲು ಬೆಳ್ತಿಗೆ ಅಕ್ಕಿಯನ್ನು ಮೂರು ಗಂಟೆ ನೆನೆಸಿ ನೀರು ಬಸಿಯಿರಿ. ಕೊಚ್ಚಿದ ಹಲಸಿನ ಸೊಳೆ ಎರಡು ಪಾಲು, ಅರ್ಧ ಪಾಲು ತೆಂಗಿನ ತುರಿ, ಹಣ್ಣಿನ ಸಿಹಿ ನೋಡಿಕೊಂಡು ಬೆಲ್ಲ, ಚಿಟಿಕೆ ಉಪ್ಪು. ಎಲ್ಲವನ್ನೂ ಒಟ್ಟಿಗೆ ತರಿತರಿಯಾಗಿ ಕಡೆಯಿರಿ. ನೀರು ಸೇರಿಸಬಾರದು, ಹಣ್ಣಿನ ರಸವೇ ಸಾಕು. ಎಲೆಯ ನಡುವೆ ಒಂದು ಹಿಡಿ ಹಿಟ್ಟಿಟ್ಟು ನಾಲ್ಕೂ ಕಡೆಯಿಂದ ಮಡಚಿ, ಮಡಿಕೆ ಕೆಳಗಾಗುವಂತೆ ಅಟ್ಟಿನಳಗೆಯಲ್ಲಿಟ್ಟು ಮುಕ್ಕಾಲು ಗಂಟೆ ಬೇಯಿಸಿ. ಬಿಡಿಸಿದರೆ ಹಳದಿ ಹಿಟ್ಟಿನ ಮೈಗೆ ಎಲೆಯ ಕೆಂಪು ಇಳಿದಿರುತ್ತದೆ, ನರಗಳ ಅಚ್ಚು ಬಿದ್ದಿರುತ್ತದೆ. ಬಿಸಿ ಇರುವಾಗಲೇ ಮೇಲೊಂದು ಚಮಚ ತುಪ್ಪ.

ಆಟಿ: ಕೆಸು, ಮರಕೆಸು

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ತುಳುನಾಡಿನ ಆಟಿ ತಿಂಗಳು. ಗದ್ದೆಯ ಬದು, ತೋಡಿನ ಬದಿಯಲ್ಲೆಲ್ಲ ಕೆಸು ಎದ್ದಿರುತ್ತದೆ. ಎಲೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಅವುಗಳ ಮೇಲೆ ಮೇಣ. ಹನಿಗೆ ಅಂಟಿಕೊಳ್ಳಲು ಜಾಗವೇ ಸಿಗದೆ ಉರುಳಿಹೋಗುತ್ತದೆ, ಹೋಗುವಾಗ ಎಲೆಯ ಧೂಳನ್ನೂ ಒಯ್ಯುತ್ತದೆ. ಪತ್ರೊಡೆಗೆ ಎಲೆಯನ್ನು ಕವುಚಿ ಹಾಕಿ ಹಿಂಬದಿಗೆ ಹಿಟ್ಟು ಹಚ್ಚುತ್ತಾರೆ. ಅಲ್ಲಿ ಎದ್ದಿರುವ ನರಗಳ ನಡುವೆ ಹಿಟ್ಟು ಜಾರದೆ ನಿಲ್ಲುತ್ತದೆ.

ಕೆಸುವಿನ ತುರಿಕೆಗೆ ಕಾರಣ ಎಲೆಯ ಕೋಶಗಳಲ್ಲಿ ಕಟ್ಟುಕಟ್ಟಾಗಿ ತುಂಬಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು. ಹಸಿ ಎಲೆ ಜಗಿದರೆ ಅವು ನಾಲಿಗೆ, ಗಂಟಲಿಗೆ ಚುಚ್ಚುತ್ತವೆ. ದನ ಮೂಸಿ ಮುಂದೆ ಹೋಗುತ್ತದೆ. ಆದರೆ ಇದೇ ಎಲೆಯನ್ನು ಹಾಕ್ ಪತಂಗದ ಮರಿಹುಳ ನೆಮ್ಮದಿಯಾಗಿ ಮೇಯುತ್ತದೆ. ಬೆರಳಷ್ಟು ದಪ್ಪ, ಬಾಲದಲ್ಲಿ ಒಂದು ಕೊಂಬು, ಮೈಬದಿಯಲ್ಲಿ ಕಣ್ಣಿನಂಥ ಚುಕ್ಕೆಗಳು. ಮುಟ್ಟಿದರೆ ತಲೆಯನ್ನು ಒಳಗೆಳೆದು ಮೈಯುಬ್ಬಿಸುತ್ತದೆ, ಆಗ ಆ ಸುಳ್ಳು ಕಣ್ಣುಗಳು ನಮ್ಮನ್ನೇ ನೋಡುತ್ತವೆ. ಎಲೆ ಕೊಯ್ಯುವವರು ಕವುಚಿ ನೋಡಿಯೇ ಕೊಯ್ಯುತ್ತಾರೆ.

ಮರಕೆಸುವಿನ ಬದುಕೇ ಬೇರೆ. ರೆಮುಸೇಶಿಯಾ ವಿವಿಪಾರಾ ಎಂಬುದು ಅದರ ಸಸ್ಯಶಾಸ್ತ್ರದ ಹೆಸರು. ಹಳೆಯ ಮಾವು, ಹಲಸಿನ ಕವಲಿನಲ್ಲಿ ಪಾಚಿ ಮತ್ತು ಕೊಳೆತ ಎಲೆಗಳ ನಡುವೆ ಇದರ ಗೆಡ್ಡೆ ಬೇಸಗೆಯಿಡೀ ಒಣಗಿದಂತೆ ಬಿದ್ದಿರುತ್ತದೆ. ಮಳೆ ಹಿಡಿದ ಮೇಲೆ ಒಂದೆರಡು ಎಲೆ ಬಿಡುತ್ತದೆ. ಹೂವು ಅಪರೂಪ. ನೆಟ್ಟಗೆ ನಿಂತ ಕಡ್ಡಿಗಳಲ್ಲಿ ಗೊಂಚಲು ಗೊಂಚಲಾಗಿ ಪುಟ್ಟ ಮರಿಗೆಡ್ಡೆಗಳು ಮೂಡುತ್ತವೆ. ಒಂದನ್ನು ಅಂಗೈಯಲ್ಲಿಟ್ಟು ಕನ್ನಡಿಬಿಲ್ಲೆಯಲ್ಲಿ ನೋಡಿದರೆ ಮೈತುಂಬ ಕೊಕ್ಕೆಮುಳ್ಳು. ಹಕ್ಕಿಯ ಗರಿಗೋ ಅಳಿಲಿನ ತುಪ್ಪಳಕ್ಕೋ ಸಿಕ್ಕಿಕೊಂಡು ಇನ್ನೊಂದು ಮರ ಸೇರಲು ಈ ಏರ್ಪಾಡು. ಮರಕೆಸುವಿನ ಪತ್ರೊಡೆಗೆ ಬೇಡಿಕೆ ಹೆಚ್ಚು. ಆದರೂ ಬಲ್ಲವರು ಗೆಡ್ಡೆಯನ್ನು ಅಲುಗಿಸದೆ ಎಲೆಯನ್ನಷ್ಟೇ ತೆಗೆಯುತ್ತಾರೆ, ಕಡ್ಡಿಯನ್ನು ಮುಟ್ಟುವುದಿಲ್ಲ.

ಪತ್ರೊಡೆಗೆ ಎರಡು ಕುಡ್ತೆ ಬೆಳ್ತಿಗೆ ಅಕ್ಕಿ ನೆನೆಸಿ. ಒಣಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಅರಿಶಿನ, ಇಂಗು, ಸಣ್ಣ ತುಂಡು ಬೆಲ್ಲ, ಲಿಂಬೆ ಗಾತ್ರದ ಹುಣಸೆಹುಳಿ, ಉಪ್ಪು, ಒಂದು ಹಿಡಿ ತೆಂಗಿನ ತುರಿ ಸೇರಿಸಿ ಕಡೆಯಿರಿ. ನುಣ್ಣಗಾಗುವುದು ಬೇಡ, ಕೈಗೆ ತರಿ ಸಿಗಬೇಕು. ಹುಳಿಯಲ್ಲಿ ಜಿಪುಣತನ ಸಲ್ಲ: ತುರಿಕೆ ಹೋಗಲು ಹುಳಿ ಮತ್ತು ದೀರ್ಘ ಬೇವು ಎರಡೂ ಬೇಕೆಂಬುದು ಇಲ್ಲಿಯ ಅನುಭವ. ಎಲೆಯ ದಪ್ಪ ನರವನ್ನು ಹೆರೆದು, ಹಿಟ್ಟು ಹಚ್ಚಿ, ಮೇಲೆ ಇನ್ನೊಂದು ಎಲೆಯಿಟ್ಟು ಮತ್ತೆ ಹಚ್ಚಿ. ಐದಾರು ಎಲೆಯಾದ ಮೇಲೆ ಬದಿಗಳನ್ನು ಒಳಮಡಚಿ ಬಿಗಿಯಾಗಿ ಸುರುಳಿ ಸುತ್ತಿ, ಒಂದು ಗಂಟೆ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಬಿಲ್ಲೆ ಕತ್ತರಿಸಿ, ಕಾವಲಿಯ ಮೇಲೆ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿ. ಉಳಿದದ್ದನ್ನು ಮರುದಿನ ಪುಡಿಮಾಡಿ ಬೆಲ್ಲ, ಕಾಯಿತುರಿ ಬೆರೆಸಿ ಒಗ್ಗರಣೆ ಕೊಟ್ಟರೆ ಬೆಳಗ್ಗಿನ ತಿಂಡಿ.

ನಾಗರಪಂಚಮಿ: ಅರಿಶಿನ

ನಾಗರಪಂಚಮಿಯಂದು ಕರಿಯುವುದು, ಒಗ್ಗರಣೆ ಹಾಕುವುದು ಹಲವು ಮನೆಗಳಲ್ಲಿ ಇಲ್ಲ. ಹಬೆಯದ್ದೇ ಅಡುಗೆ, ಅದಕ್ಕೆ ಅರಿಶಿನದ ಎಲೆ. ಆ ಹೊತ್ತಿಗೆ ಮೇ ತಿಂಗಳಲ್ಲಿ ಹೂತ ಕೊಂಬು ಸೊಂಟದೆತ್ತರದ ಗಿಡವಾಗಿರುತ್ತದೆ. ಕೊಂಬಿನ ವಾಸನೆಯೇ ಬೇರೆ, ಎಲೆಯ ವಾಸನೆಯೇ ಬೇರೆ. ಎಲೆಯಲ್ಲಿ ಹೇರಳವಾಗಿರುವುದು ಬೇಗ ಆವಿಯಾಗುವ ಎಣ್ಣೆ. ಹಬೆ ತಾಗಿದ ಐದು ನಿಮಿಷಕ್ಕೆ ಮನೆಯಿಡೀ ಹರಡುತ್ತದೆ.

ಸಾಲಿನಲ್ಲಿ ಎಲೆ ಹುಡುಕುವಾಗ ಅಲ್ಲಲ್ಲಿ ಅಂಚು ಸುತ್ತಿದ ಎಲೆ ಕಾಣುತ್ತದೆ. ಅದು ಗ್ರಾಸ್ ಡೆಮನ್ ಎಂಬ ಚಿಟ್ಟೆಯ ಮರಿ ಮಾಡಿದ ಕೆಲಸ. ರೆಕ್ಕೆ ಗಾಢ ಕಂದು, ನಡುವೆ ಬಿಳಿ ಮಚ್ಚೆ, ಹಾರಾಟ ಚುರುಕು. ಇದು ಮೊಟ್ಟೆಯಿಡುವುದು ಅರಿಶಿನ, ಶುಂಠಿ ಮತ್ತು ಅವುಗಳ ಕಾಡು ನೆಂಟರ ಎಲೆಗಳ ಮೇಲೆ. ಸುರುಳಿಯನ್ನು ಬೆಳಕಿಗೆ ಹಿಡಿದರೆ ಒಳಗೆ ತಿಳಿಹಸಿರು ಹುಳ, ತಲೆ ಮಾತ್ರ ಕಪ್ಪು. ನೂಲಿನ ಹೊಲಿಗೆ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಎಲೆಯ ಅಂಚನ್ನು ಒಳಗೆ ಸುತ್ತಿ, ಅಲ್ಲಲ್ಲಿ ಹಿಡಿಸಿ, ಒಳಗಿನ ಸರಕು ಹೊರಬೀಳದಂತೆ ನೋಡಿಕೊಳ್ಳುವ ಈ ಕೆಲಸವನ್ನೇ ಹಬ್ಬದ ಬೆಳಗ್ಗೆ ಅಡುಗೆಮನೆಯಲ್ಲೂ ಮಾಡುತ್ತಾರೆ.

ನೆನೆದ ಬೆಳ್ತಿಗೆ ಅಕ್ಕಿಯನ್ನು ಉಪ್ಪು ಹಾಕಿ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಕಡೆಯಿರಿ. ಎಲೆಯ ಮೇಲೆ ಸುರಿದರೆ ಹರಿಯಬಾರದು, ಬೆರಳಿನಿಂದ ಎಳೆದರೆ ಹರಡಬೇಕು. ಕಾಯಿತುರಿ, ಬೆಲ್ಲ, ಏಲಕ್ಕಿಯ ಹೂರಣ ಬೇರೆ ಮಾಡಿಕೊಳ್ಳಿ. ಎಲೆ ಒರಸಿ, ಹಿಟ್ಟನ್ನು ತೆಳ್ಳಗೆ ಬಳಿದು, ನಡುನರದ ಒಂದು ಬದಿಗೆ ಹೂರಣ ಹರಡಿ, ಉದ್ದಕ್ಕೆ ಮಡಚಿ. ಎಲೆ ಉದ್ದವಾದರೆ ಅಡ್ಡಕ್ಕೂ ಒಮ್ಮೆ ಮಡಚಿ. ಇಪ್ಪತ್ತು ನಿಮಿಷದ ಹಬೆ ಸಾಕು. ಕೊಂಕಣಿಗರ ಮನೆಯಲ್ಲಿ ಇದೇ ಪಾತೋಳಿ.

ಅಷ್ಟಮಿ, ಚೌತಿ: ಹಲಸಿನೆಲೆ, ಮುಂಡೇವು

ಹಲಸಿನ ಎಲೆ ದಪ್ಪ, ನುಣುಪು. ಕಿತ್ತರೆ ತೊಟ್ಟಿನಿಂದ ಬಿಳಿ ಸೊನೆ, ಒರಸಿಯೇ ಬಳಸಬೇಕು. ತೀರ ಎಳೆಯದು ಹರಿಯುತ್ತದೆ, ಹಳದಿಗೆ ತಿರುಗಿದ್ದು ಸೀಳುತ್ತದೆ. ನಾಲ್ಕು ಎಲೆಗಳನ್ನು ಅಡ್ಡ, ಉದ್ದ ಜೋಡಿಸಿ ಹಿಡಿಸೂಡಿಯ ಕಡ್ಡಿಯಿಂದ ಚುಚ್ಚಿ, ಬದಿಗಳನ್ನೆತ್ತಿ ಮತ್ತೆ ಚುಚ್ಚಿದರೆ ಕೊಟ್ಟೆ ಸಿದ್ಧ.

ಅದೇ ಮರದಲ್ಲಿ ಚಗಳಿ ಇರುವೆಗಳ ಕೊಟ್ಟೆಗಳೂ ಇರುತ್ತವೆ. ಅವು ಎಲೆ ಜೋಡಿಸುವುದನ್ನು ತಾಳ್ಮೆಯಿಂದ ನಿಂತು ನೋಡಬೇಕು. ಕೆಂಪಿರುವೆಗಳ ಸಾಲೊಂದು ಒಂದು ಎಲೆಯ ಅಂಚನ್ನು ಕಾಲಲ್ಲಿ ಹಿಡಿದು ಇನ್ನೊಂದರ ಅಂಚನ್ನು ದವಡೆಯಿಂದ ಎಳೆಯುತ್ತದೆ. ದೂರ ಹೆಚ್ಚಾದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ತಮ್ಮದೇ ಗೂಡಿನ ಮರಿಹುಳಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಮರಿಯ ತಲೆಯನ್ನು ಒಮ್ಮೆ ಈ ಅಂಚಿಗೆ, ಒಮ್ಮೆ ಆ ಅಂಚಿಗೆ ತಾಗಿಸಿದಂತೆ ಅದು ನೂಲು ಬಿಡುತ್ತದೆ. ದೊಡ್ಡ ಇರುವೆಗೆ ನೂಲು ತೆಗೆಯಲು ಬಾರದು. ನೂಲಿರುವುದು ಮರಿಯ ಬಳಿ, ಹೊಲಿಯುವ ತಿಳಿವಳಿಕೆ ದೊಡ್ಡದರ ಬಳಿ. ಇಷ್ಟು ಕಷ್ಟಪಟ್ಟು ಕಟ್ಟಿದ ಗೂಡಿರುವ ರೆಂಬೆಗೆ ಎಲೆ ಕೊಯ್ಯಲು ಕೈ ಹಾಕಿದವರನ್ನು ಅವು ಸುಮ್ಮನೆ ಬಿಡುವುದಿಲ್ಲ.

ಕೊಟ್ಟೆಗೆ ಹಾಕುವುದು ಒಂದು ಪಾಲು ಉದ್ದು, ಎರಡು ಪಾಲು ಅಕ್ಕಿತರಿಯ ಹಿಟ್ಟು. ಉದ್ದನ್ನು ಉಬ್ಬುವಂತೆ ನುಣ್ಣಗೆ ಕಡೆದು, ತೊಳೆದ ತರಿ, ಉಪ್ಪು ಬೆರೆಸಿ ರಾತ್ರಿಯಿಡೀ ಇಡಿ. ಹಿಟ್ಟನ್ನು ಉಬ್ಬಿಸುವುದು ಬೇಳೆಯ ಜೊತೆಗೇ ಬರುವ ಬ್ಯಾಕ್ಟೀರಿಯಾಗಳು. ಲ್ಯೂಕೊನೊಸ್ಟಾಕ್ ಅವುಗಳಲ್ಲಿ ಮುಖ್ಯ. ಮಳೆಯ ಥಂಡಿಗೆ ಅವುಗಳ ಕೆಲಸ ನಿಧಾನ, ಆದ್ದರಿಂದ ಪಾತ್ರೆಯನ್ನು ಒಲೆಯ ಬದಿಗಿಡುವುದು ವಾಡಿಕೆ. ಕೊಟ್ಟೆಯ ಮುಕ್ಕಾಲು ತುಂಬಿಸಿ ಅರ್ಧ ಗಂಟೆ ಬೇಯಿಸಬೇಕು.

ಇದೇ ಹಿಟ್ಟನ್ನು ಮುಂಡೇವಿನ ಓಲೆಯ ಕೊಳವೆಯಲ್ಲಿ ಬೇಯಿಸಿದರೆ ಮೂಡೆ. ಮುಂಡೇವು ಕೇದಗೆಯ ಬಳಗದ್ದು. ತೋಡಿನ ಬದಿಯಲ್ಲಿ ಊರುಬೇರುಗಳ ಮೇಲೆ ನಿಂತು, ಎಲೆಗಳನ್ನು ತಿರುಚು ಸಾಲಿನಲ್ಲಿ ಬಿಡುತ್ತದೆ. ಎರಡು ಅಂಚಿನಲ್ಲಿ ಒಂದೊಂದು ಸಾಲು, ನಡುನರದ ಅಡಿಯಲ್ಲಿ ಇನ್ನೊಂದು ಸಾಲು ಮುಳ್ಳು. ಮುಳ್ಳು ಸೀಳಿ ತೆಗೆದು, ಓಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಸುತ್ತಿ ಕೊಳವೆ ಮಾಡುತ್ತಾರೆ. ಕೈ ಪಳಗದವರು ಅಷ್ಟಮಿ, ಚೌತಿಯ ಮುನ್ನಾದಿನ ಮಂಗಳೂರಿನ ಮಾರುಕಟ್ಟೆಯಲ್ಲಿ ಕಟ್ಟಿಟ್ಟ ಮೂಡೆಗಳನ್ನೇ ಕೊಳ್ಳಬಹುದು.

ಎಲೆ ಇಲ್ಲದ ಊರಿನವರಿಗೆ

ಬೆಂಗಳೂರಿನಿಂದ ಪಾಕ ಕೇಳುವ ಗೆಳೆಯರು ಇಡ್ಲಿ ತಟ್ಟೆ ಸಾಲದೇ ಎನ್ನುತ್ತಾರೆ. ಹೊಟ್ಟೆ ತುಂಬಲು ಸಾಕು. ಆದರೆ ಪರಿಮಳ, ಬಣ್ಣ ಎರಡೂ ಎಲೆಯಿಂದ ಬಂದದ್ದು, ಸ್ಟೀಲಿನಿಂದ ಅವನ್ನು ನಿರೀಕ್ಷಿಸಬಾರದು. ಗಟ್ಟಿಗೆ ಬಾಳೆಲೆ ನಡೆಯುತ್ತದೆ, ಒಲೆಯ ಉರಿಯ ಮೇಲೆ ಎಳೆದು ಬಾಡಿಸಿದರೆ ಮಡಚುವಾಗ ಸೀಳುವುದಿಲ್ಲ. ಅರಿಶಿನಕ್ಕೆ ಮಾತ್ರ ಬದಲಿ ಇಲ್ಲ. ಆದರೆ ಅದನ್ನು ಬೆಳೆಸುವಷ್ಟು ಸುಲಭ ಇನ್ನೊಂದಿಲ್ಲ. ಮೇ ತಿಂಗಳಲ್ಲಿ ಮೊಳಕೆಯಿರುವ ಹಸಿ ಕೊಂಬನ್ನು ಎರಡು ಇಂಚು ಆಳಕ್ಕೆ ಕುಂಡದಲ್ಲಿ ಹೂತು, ನೀರು ನಿಲ್ಲದಂತೆ ನೋಡಿಕೊಂಡರೆ ಶ್ರಾವಣಕ್ಕೆ ಎಲೆ ಸಿಗುತ್ತದೆ. ಚಳಿಗಾಲದಲ್ಲಿ ಗಿಡ ಒಣಗಿದಾಗ ಅಗೆದು ಒಂದು ಕೊಂಬು ಮುಂದಿನ ವರ್ಷಕ್ಕೆ ಎತ್ತಿಟ್ಟು, ಒಂದನ್ನು ನೆರೆಯವರಿಗೆ ಕೊಡಿ. ಪಾಕ ಹೇಳುವುದು ಆಮೇಲೆ.

ಕುಂಡದ ಗಿಡದಲ್ಲೂ ಎಂದಾದರೂ ಒಂದು ಎಲೆ ಅಂಚಿನಿಂದ ಸುತ್ತಿಕೊಂಡೀತು. ಔಷಧಿ ಸಿಂಪಡಿಸಬೇಡಿ, ತಿನ್ನುವ ಹಿಟ್ಟನ್ನು ಸುತ್ತುವ ಎಲೆ ಅದು. ಆ ಒಂದು ಎಲೆಯನ್ನು ಅದು ಸುತ್ತಿಕೊಂಡ ಪಾಡಿಗೆ ಬಿಟ್ಟು, ಕಡುಬಿಗೆ ಪಕ್ಕದ್ದನ್ನು ಕೊಯ್ಯಿರಿ, ಒಂದು ಹಿಡಿ ಅಕ್ಕಿ ಕಡಿಮೆ ನೆನೆಸಿ.