ಟೈಲ್ಸ್‌ಗಿಂತ ಮೊದಲು ಫ್ಲ್ಯಾಂಜ್ ನೋಡಿ

ಅಮೆರಿಕದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರು ಬಚ್ಚಲುಮನೆ ಹೊಸದು ಮಾಡಿಸಲು ಹೊರಟರೆ ಟೈಲ್ಸ್, ನಲ್ಲಿ, ಕನ್ನಡಿಗಳಿಗೆ ವಾರಗಟ್ಟಲೆ ಅಂಗಡಿ ಅಲೆಯುತ್ತಾರೆ. ಕಮೋಡಿನ ಅಡಿಯಲ್ಲಿರುವ ಫ್ಲ್ಯಾಂಜನ್ನು ವಿಚಾರಿಸುವವರು ಕಡಿಮೆ. ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಹಳದಿ ಕಲೆ ಮೂಡಿದ ಮೇಲೆ ಅದರ ನೆನಪಾಗುತ್ತದೆ.

ಬೆಂಗಳೂರಿನಲ್ಲಿ ಕಮೋಡನ್ನು ಕಾಂಕ್ರೀಟ್ ನೆಲಕ್ಕೆ ಸ್ಕ್ರೂ ಬಿಗಿದು, ಸುತ್ತ ವೈಟ್ ಸಿಮೆಂಟ್ ಬಳಿದುಬಿಡುತ್ತಾರೆ. ಅಮೆರಿಕದ ಬಹಳಷ್ಟು ಮನೆಗಳಲ್ಲಿ ನೆಲವೇ ಮರದ್ದು. 3 ಅಥವಾ 4 ಇಂಚಿನ ಪೈಪಿನ ಬಾಯಿಗೆ ಬಳೆಯಂಥ ಫ್ಲ್ಯಾಂಜ್ ಸೇರಿಸಿ ನೆಲಕ್ಕೆ ಬಿಗಿಯುತ್ತಾರೆ. ಅದರಿಂದ ಎದ್ದ ಎರಡು ಬೋಲ್ಟುಗಳೇ ಕಮೋಡನ್ನು ಹಿಡಿಯುತ್ತವೆ. ನಡುವೆ ಒತ್ತಿ ಕೂರುವ ಮೇಣದ ಉಂಗುರ ನೀರನ್ನೂ ದುರ್ವಾಸನೆಯನ್ನೂ ತಡೆಯುತ್ತದೆ. ಫ್ಲ್ಯಾಂಜ್ ಸಿದ್ಧವಾದ ನೆಲದ ಮೇಲೆ ಕೂತು, ಸುಮಾರು ಕಾಲು ಇಂಚು ಎದ್ದಿರಬೇಕು. ಹಳೇ ನೆಲದ ಮೇಲೆ ಹೊಸ ಟೈಲ್ಸ್ ಏರಿಸಿದಾಗ ಅದು ತಗ್ಗಿನಲ್ಲಿ ಉಳಿಯುತ್ತದೆ, ಮೇಣ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಎತ್ತರ ಹೆಚ್ಚಿಸುವ ರಿಂಗುಗಳು ಸಿಗುತ್ತವೆ, ನಿಜ. ಆದರೆ ತುಕ್ಕು ಹಿಡಿದ, ಬಿರುಕು ಬಿಟ್ಟ ಫ್ಲ್ಯಾಂಜಿನ ಮೇಲೆ ಅವನ್ನು ಕೂರಿಸುವುದು ವ್ಯರ್ಥ. ಅಂಥ ಫ್ಲ್ಯಾಂಜನ್ನು ತೆಗೆದೇ ಹಾಕಬೇಕು.

ನೀರು ನಿಲ್ಲಿಸಿ, ಫ್ಲಶ್ ಮಾಡಿ, ಉಳಿದ ನೀರನ್ನು ಸ್ಪಂಜಿನಿಂದ ಹೀರಿ ಕಮೋಡ್ ಎತ್ತಿದರೆ ಕಾಣುವುದು ಕೊಳೆ ಹತ್ತಿ ಕಪ್ಪಾದ, ಕೈಗೆ ಜಿಗುಟಾಗಿ ಅಂಟುವ ಮೇಣ. ಅದನ್ನು ಕೆರೆಯುವ ಮೊದಲೇ ಪೈಪಿನ ಬಾಯಿಗೆ ದೊಡ್ಡದೊಂದು ಬಟ್ಟೆ ತುರುಕಿ. ಚಿಕ್ಕದಾದರೆ ಒಳಗೆ ಜಾರಿಹೋಗುತ್ತದೆ. ತುರುಕದಿದ್ದರೆ ಚರಂಡಿಯ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮನೆಯೊಳಗೆ ಬರುತ್ತವೆ.

ಪಿವಿಸಿ ಫ್ಲ್ಯಾಂಜ್ ತಿರುಗಿಸಿದರೆ ಬರುವುದಿಲ್ಲ. ಹಚ್ಚಿದ ಸಾಲ್ವೆಂಟ್ ಪೈಪ್, ಫ್ಲ್ಯಾಂಜ್ ಎರಡರ ಪ್ಲಾಸ್ಟಿಕ್ಕನ್ನೂ ಕರಗಿಸಿ ಒಂದಾಗಿಸಿರುತ್ತದೆ. ಅದು ಪೈಪಿನ ಒಳಗೆ ಸೇರಿದೆಯೋ ಹೊರಗೆ ಸುತ್ತಿದೆಯೋ ಮೊದಲು ನೋಡಬೇಕು. ಒಳಗಿದ್ದರೆ ಅದರ ಕುತ್ತಿಗೆಯನ್ನು ಉದ್ದಕ್ಕೆ ಅಲ್ಲಲ್ಲಿ ಸೀಳಿ, ಉಳಿಯಿಂದ ಚೂರು ಚೂರಾಗಿ ಎಬ್ಬಿಸಬಹುದು. ಪೈಪಿಗೆ ಏಟು ಬೀಳಬಾರದು. ಹೊರಗಿದ್ದರೆ ಡ್ರಿಲ್ಲಿಗೆ ಸಿಕ್ಕಿಸುವ ಕಟರನ್ನು ಪೈಪಿನೊಳಗೆ ಇಳಿಸಿ ಕತ್ತರಿಸುತ್ತಾರೆ. ಹೊಸದನ್ನು ಜೋಡಿಸಲು ಪೈಪ್ ಎಷ್ಟು ಉಳಿಯುತ್ತದೆಂದು ಅಳೆಯದೆ ಬ್ಲೇಡ್ ಹಚ್ಚಬೇಡಿ. ಗಿಡ್ಡವಾದರೆ ನೆಲವನ್ನೋ ಕೆಳಗಿನ ಸೀಲಿಂಗನ್ನೋ ಒಡೆಯಬೇಕಾಗುತ್ತದೆ.

ಬೀಡುಕಬ್ಬಿಣದ್ದಾದರೆ ಇನ್ನೂ ತಾಳ್ಮೆ ಬೇಕು. ಹಿಂದೆ ಸಂದಿಗೆ ನಾರು ತುಂಬಿ ಕಾದ ಸೀಸ ಹೊಯ್ಯುತ್ತಿದ್ದರು. ಆ ಸೀಸದಲ್ಲಿ ಸಾಲಾಗಿ ತೂತು ಕೊರೆದು, ಸ್ಕ್ರೂಡ್ರೈವರಿನಿಂದ ಎಳೆ ಎಳೆಯಾಗಿ ಕಿತ್ತರೆ ಫ್ಲ್ಯಾಂಜ್ ಸಡಿಲಗೊಳ್ಳುತ್ತದೆ. ಜೋರಾಗಿ ಸುತ್ತಿಗೆ ಬಡಿದರೆ ಪೈಪೇ ಸೀಳಬಹುದು. ಸೀಸ ವಿಷ: ಮಾಸ್ಕ್, ಕೈಗವಸು ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಹಳೇ ಮನೆಯಲ್ಲಿ 9 ಇಂಚಿನ ಚೌಕದ ವಿನೈಲ್ ಟೈಲ್ಸ್ ಇದ್ದರಂತೂ ಕಲ್ನಾರು ಇದೆಯೇ ಎಂದು ಪರೀಕ್ಷೆ ಮಾಡಿಸದೆ ಕೀಳಬೇಡಿ.

ಫ್ಲ್ಯಾಂಜ್ ಎದ್ದ ಮೇಲೆ ಸುತ್ತಲಿನ ಪ್ಲೈವುಡ್ಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಲೇಬಾರದ ಹೆಜ್ಜೆ ಇದು. ಮೊನೆ ಮೆತ್ತಗೆ ಒಳಗಿಳಿದರೆ ಮರ ಕೊಳೆತಿದೆ. ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ಹೊಸ ಹಲಗೆ ಕೂರಿಸಬೇಕು. ಕೊಳೆತ ಮರದಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಕೂತಾಗ ಕಮೋಡ್ ಅಲ್ಲಾಡುತ್ತದೆ, ಅಲ್ಲಾಡಿದಷ್ಟೂ ಮೇಣದ ಹಿಡಿತ ತಪ್ಪುತ್ತದೆ. ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದು ಉಳಿಯುವ ಮನೆಯಲ್ಲಿ ಅಲ್ಲಾಡುವ ಕಮೋಡ್ ಅಪಾಯ.

ಕಂಟ್ರಾಕ್ಟರಿಗೆ ಮುಂಗಡ ಕೊಡುವಾಗಲೇ ಈ ಮಾತು ಬರೆಸಿಕೊಳ್ಳಿ: ಕೊಳೆತ ಹಲಗೆ ಬದಲಿಸಬೇಕು, ಟೈಲ್ಸ್ ಮುಗಿದ ಮೇಲೆ ಹೊಸ ಫ್ಲ್ಯಾಂಜನ್ನು ಟೈಲ್ಸ್ ಮೇಲೆಯೇ ಕೂರಿಸಿ, ಕೆಳಗಿನ ಮರದವರೆಗೂ ಸ್ಕ್ರೂ ಇಳಿಸಬೇಕು.