ಇಳಯರಾಜ: ಪ್ರಶಸ್ತಿ ಪಟ್ಟಿಯ ಆಚೀಚೆ

1977ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿಯವರ ಆ ಚಿತ್ರಕ್ಕೆ ಸ್ವರ್ಣ ಕಮಲ ಬಂತು. ಅದಕ್ಕೆ ಸಂಗೀತ ಕೊಟ್ಟ ಬಿ.ವಿ. ಕಾರಂತರು ಸಂಗೀತ ನಿರ್ದೇಶನದ ಪ್ರಶಸ್ತಿ ಪಡೆದರು. ಅದೇ ಸಾಲಿನಲ್ಲಿ ಅತ್ಯುತ್ತಮ ಗಾಯಕಿಯಾದವರು ಎಸ್. ಜಾನಕಿ, ತಮಿಳಿನ ‘ಪದಿನಾರು ವಯದಿನಿಲೇ’ ಚಿತ್ರದ ಹಾಡಿಗಾಗಿ. ಆ ಹಾಡಿಗೆ ಟ್ಯೂನ್ ಹಾಕಿದ್ದವರು, ಹಿಂದಿನ ವರ್ಷವಷ್ಟೇ ‘ಅನ್ನಕ್ಕಿಳಿ’ಯಿಂದ ಸ್ವತಂತ್ರ ಸಂಗೀತ ನಿರ್ದೇಶಕರಾಗಿದ್ದ ಇಳಯರಾಜ. ಅವರ ಸಂಗೀತವನ್ನು ಹುಡುಕಿಕೊಂಡು ರಾಷ್ಟ್ರಪ್ರಶಸ್ತಿ ಮೊದಲು ಬಂದದ್ದು ಹೀಗೆ, ಇನ್ನೊಬ್ಬರ ಹೆಸರಿನಲ್ಲಿ.

ಆಮೇಲೂ ಅದು ಹಾಗೇ ನಡೆಯಿತು. ‘ಸಿತಾರ’ ಮತ್ತು ‘ತೇವರ್ ಮಗನ್’ ಚಿತ್ರಗಳ ಹಾಡುಗಳಿಗೆ ಮತ್ತೆ ಜಾನಕಿ, ‘ಸಾಗರ ಸಂಗಮಂ’ ಹಾಗೂ ‘ರುದ್ರವೀಣ’ಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ‘ಸಿಂಧು ಭೈರವಿ’ಗೆ ಚಿತ್ರಾ. 2000ದ ಸಾಲಿನಲ್ಲಿ ‘ಭಾರತಿ’ಯ ಹಾಡಿಗೆ ಮಗಳು ಭವತಾರಿಣಿ. ಅಪ್ಪನ ಪ್ರಶಸ್ತಿಗಳನ್ನು ಎಣಿಸುವವರು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೇನೋ ತೆಗೆದುಕೊಳ್ಳಬೇಕು ಅನ್ನಿಸುತ್ತದೆ.

ಅವರದೇ ಹೆಸರಿಗೆ ಬಂದ ರಾಷ್ಟ್ರಪ್ರಶಸ್ತಿಗಳು ಐದು. ಮೊದಲ ಮೂರನ್ನು ಒಟ್ಟಿಗೆ ಇಟ್ಟು ನೋಡಿ: 1983ರ ‘ಸಾಗರ ಸಂಗಮಂ’, 1985ರ ‘ಸಿಂಧು ಭೈರವಿ’, 1988ರ ‘ರುದ್ರವೀಣ’. ಒಂದರ ನಾಯಕ ನೃತ್ಯಗಾರ, ಇನ್ನೊಂದರವನು ಕರ್ನಾಟಕ ಸಂಗೀತದ ವಿದ್ವಾಂಸ, ಮೂರನೆಯದರಲ್ಲಿ ವಿದ್ವಾಂಸನ ಮಗ. ಮೂರೂ ಕಥೆಗಳು ಸಂಗೀತ–ನೃತ್ಯಗಳ ಸುತ್ತಲೇ ಸುತ್ತುತ್ತವೆ. ರೇಷ್ಮೆ ಪಂಚೆ ಉಟ್ಟು ವೇದಿಕೆ ಹತ್ತಿದ ಸಂಗೀತ ಆಯ್ಕೆ ಸಮಿತಿಗಳ ಕಿವಿಗೆ ಬೇಗ ಬೀಳುತ್ತದೆ ಎಂದರೆ ತಪ್ಪಾಗದು. ‘ಅನ್ನಕ್ಕಿಳಿ’ಯಲ್ಲಿ ತಮಿಳುನಾಡನ್ನೇ ಹಿಡಿದು ಅಲ್ಲಾಡಿಸಿದ ಹಳ್ಳಿಯ ಧಾಟಿಗೆ ಆ ಭಾಗ್ಯ ಇರಲಿಲ್ಲ.

ಹಾಗೆಂದು ‘ಸಿಂಧು ಭೈರವಿ’ಯನ್ನು ಬರೀ ಶಾಸ್ತ್ರೀಯ ಎಂದು ಬದಿಗಿಡಲಾಗದು. ಚಿತ್ರಾ ಹಾಡಿದ ಗೀತೆ ಹಳ್ಳಿಹಾಡಿನಂತೆ ಸರಳವಾಗಿ ಶುರುವಾಗಿ, ಗೊತ್ತೇ ಆಗದಂತೆ ತ್ಯಾಗರಾಜರ ಕೃತಿಯೊಳಕ್ಕೆ ಇಳಿದುಬಿಡುತ್ತದೆ. ಕಚೇರಿಗಳಲ್ಲಿ ಕಾಂಬೋಧಿಯಲ್ಲಿ ಕೇಳುವ ಆ ಕೃತಿಯನ್ನು ಇಳಯರಾಜ ಸಾರಮತಿಗೆ ಹೊರಳಿಸಿದರು. ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರು. ಆದರೆ ಹಳ್ಳಿಯ ಧಾಟಿಗೂ ಕಛೇರಿಯ ಕೃತಿಗೂ ನೆಲ ಒಂದೇ ಎಂದು ತೋರಿಸಲು ಅವರಿಗೆ ಬೇರೆ ದಾರಿಯೇ ಇರಲಿಲ್ಲ: ಎರಡೂ ಒಂದೇ ರಾಗದಲ್ಲಿ ಕೂಡಬೇಕಿತ್ತು.

ಇನ್ನು ಉಳಿದೆರಡು. ಸಂಗೀತ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1967ರ ಚಿತ್ರಗಳಿಂದ ಶುರುವಾಯಿತು. ಮೊದಲು ಪಡೆದವರು ಕೆ.ವಿ. ಮಹಾದೇವನ್. ನಡುವೆ ಒಂದೆರಡು ಸಲ ಬಿಟ್ಟರೆ ಹಾಡು, ಹಿನ್ನೆಲೆ ಸಂಗೀತ ಎರಡಕ್ಕೂ ಸೇರಿ ಒಂದೇ ಬಹುಮಾನ. ಇದರಲ್ಲಿ ಗೆಲ್ಲುವುದು ಹಾಡೇ. ಹಾಡು ಥಿಯೇಟರಿನಿಂದ ಮನೆಗೆ ಬರುತ್ತದೆ; ಚಿತ್ರರಂಗದವರು ರೀರೆಕಾರ್ಡಿಂಗ್ ಎನ್ನುವ ಹಿನ್ನೆಲೆ ಸಂಗೀತ ದೃಶ್ಯದೊಳಗೇ ಕರಗಿಹೋಗುತ್ತದೆ, ಕರಗದಿದ್ದರೆ ಅದು ಕೆಟ್ಟ ರೀರೆಕಾರ್ಡಿಂಗ್. ಇಳಯರಾಜರ ನಿಜವಾದ ಕೈಚಳಕ ಇರುವುದು ಇಲ್ಲೇ ಎಂದು ಚಿತ್ರರಂಗದಲ್ಲಿ ಬಹಳ ಹಿಂದಿನಿಂದ ಮಾತಿತ್ತು. 2009ರ ಚಿತ್ರಗಳಿಂದ ಎರಡಕ್ಕೂ ಬೇರೆಬೇರೆ ಪ್ರಶಸ್ತಿ ಎಂದಾಯಿತು. ಆ ವರ್ಷ ಹಾಡುಗಳಿಗೆ ‘ದೇವ್ ಡಿ’ಯ ಅಮಿತ್ ತ್ರಿವೇದಿ, ಹಿನ್ನೆಲೆ ಸಂಗೀತಕ್ಕೆ ಮಲಯಾಳದ ‘ಪಳಶ್ಶಿ ರಾಜಾ’ದ ಇಳಯರಾಜ. 2015ರ ಸಾಲಿನಲ್ಲಿ ‘ತಾರೈ ತಪ್ಪಟ್ಟೈ’ ಮತ್ತೊಂದನ್ನು ತಂದಿತು. ಅವರ ಸಾವಿರದನೆಯ ಚಿತ್ರವೆಂದು ಪ್ರಚಾರವಾದ ಇದರ ಕಥೆ ಕರಗಾಟ್ಟಂ ಕುಣಿಯುವ ಜನಪದ ಕಲಾವಿದರದು. ‘ಅನ್ನಕ್ಕಿಳಿ’ಯಿಂದ ಲೆಕ್ಕ ಹಾಕಿದರೆ ಹಳ್ಳಿಯ ಧಾಟಿಗೆ ಆ ಭಾಗ್ಯ ಬರಲು ನಲವತ್ತು ವರ್ಷ ಹಿಡಿಯಿತು.

ಪದ್ಮಭೂಷಣ 2010ರಲ್ಲಿ, ಪದ್ಮವಿಭೂಷಣ 2018ರಲ್ಲಿ. 2012ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಇದೆ. 2022ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಜೊತೆಯಲ್ಲೇ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಆದರೆ ತಮಿಳರ ಬಾಯಲ್ಲಿ ಇವೆಲ್ಲಕ್ಕಿಂತ ಮೊದಲು ಬರುವುದು ಕರುಣಾನಿಧಿಯವರು ಕೊಟ್ಟ ‘ಇಸೈಜ್ಞಾನಿ’ ಎಂಬ ಹೆಸರು.

ಐದು ರಾಷ್ಟ್ರಪ್ರಶಸ್ತಿಗಳಲ್ಲಿ ತೆಲುಗಿಗೆ ಎರಡು, ತಮಿಳಿಗೆ ಎರಡು, ಮಲಯಾಳಕ್ಕೆ ಒಂದು. ಕನ್ನಡಕ್ಕೆ ಇಲ್ಲ. ಆದರೆ ಅವರು ಪಳಗಿದ್ದು ನಮ್ಮ ಜಿ.ಕೆ. ವೆಂಕಟೇಶರ ಬಳಿ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ಆ ಸಂಗೀತ ನಿರ್ದೇಶಕರಿಗೆ ಸಹಾಯಕರಾಗಿ ದುಡಿದ ವರ್ಷಗಳಲ್ಲಿ ಹೆಚ್ಚಿನ ಕೆಲಸ ಕನ್ನಡ ಚಿತ್ರಗಳದೇ. ಮುಂದೆ ‘ಜನ್ಮ ಜನ್ಮದ ಅನುಬಂಧ’, ‘ಗೀತಾ’, ‘ನಮ್ಮೂರ ಮಂದಾರ ಹೂವೇ’ಗಳ ಮೂಲಕ ಸ್ವಂತ ಹೆಸರಿನಲ್ಲೇ ಇಲ್ಲಿಗೆ ಬಂದರು.

ಬಾರದೆ ಹೋದ ಒಂದು ಪ್ರಶಸ್ತಿಯ ಕಥೆಯಲ್ಲೂ ಕನ್ನಡದ ಎಳೆ ಇದೆ. 1992ರ ಸಾಲಿಗೆ ‘ತೇವರ್ ಮಗನ್’ನ ಇಳಯರಾಜ ಮತ್ತು ‘ರೋಜಾ’ದ ಎ.ಆರ್. ರೆಹಮಾನ್ ನಡುವೆ ಮತಗಳು ಸಮಸಮವಾದವು. ರೆಹಮಾನ್‌ಗೆ ಅದು ಮೊದಲ ದೊಡ್ಡ ಚಿತ್ರ; ಹುಡುಗನಾಗಿದ್ದಾಗ ಇಳಯರಾಜರ ವಾದ್ಯವೃಂದದಲ್ಲೇ ಕೀಬೋರ್ಡ್ ನುಡಿಸಿದವರು. ಸಮಿತಿಯ ಅಧ್ಯಕ್ಷರು ಬಾಲು ಮಹೇಂದ್ರ. ‘ಮೂಡುಪನಿ’ಯಿಂದ ಮುಂದೆ ತಮ್ಮ ಬಹುತೇಕ ಚಿತ್ರಗಳಿಗೆ ಇಳಯರಾಜರನ್ನೇ ಕರೆದವರು. ಅವರ ಮತ ಹೊಸ ಹುಡುಗನಿಗೆ ಬಿತ್ತು.

‘ರೋಜಾ’ದ ನಿರ್ದೇಶಕ ಮಣಿರತ್ನಂ. ಅವರ ಮೊಟ್ಟಮೊದಲ ಚಿತ್ರ 1983ರ ‘ಪಲ್ಲವಿ ಅನುಪಲ್ಲವಿ’, ಕನ್ನಡದ್ದು. ಅದಕ್ಕೆ ಕ್ಯಾಮೆರಾ ಹಿಡಿದವರು ಬಾಲು ಮಹೇಂದ್ರ, ಸಂಗೀತ ಇಳಯರಾಜ. ಇಳಯರಾಜರಿಗೆ ‘ಸಾಗರ ಸಂಗಮಂ’ ಮೊದಲ ರಜತ ಕಮಲ ತಂದದ್ದೂ ಅದೇ ಸಾಲಿನಲ್ಲಿ. ‘ಪಲ್ಲವಿ ಅನುಪಲ್ಲವಿ’ಯ ಟ್ಯೂನೊಂದನ್ನು ಬಹಳ ವರ್ಷಗಳ ಮೇಲೆ ಐಡಿಯಾ ಮೊಬೈಲ್ ಕಂಪನಿ ತನ್ನ ಜಾಹೀರಾತಿಗೆ ಎತ್ತಿಕೊಂಡಿತು. ಅದು ಕನ್ನಡ ಚಿತ್ರದ್ದೆಂದು ತಿಳಿಯದವರೂ ದೇಶದ ಉದ್ದಗಲಕ್ಕೆ ಅದನ್ನು ಗುನುಗಿಕೊಂಡು ಓಡಾಡಿದರು.