ತಾತನ ದೇವರ ಪೆಟ್ಟಿಗೆಯಲ್ಲಿ ಹಿಮಾಲಯ

ಮೂರನೇ ಸೆಮಿಸ್ಟರ್‌ನ ಜಿಯಾಲಜಿ ಇಂಟರ್ನಲ್ಸ್‌ನಲ್ಲಿ ನನಗೆ ಬಂದದ್ದು 50ಕ್ಕೆ 13. ಸಿವಿಲ್‌ನವರಿಗೆ ಅದು ಹಿಂದಿನ ರಾತ್ರಿ ಓದಿ ಪಾಸಾಗುವ ಪೇಪರ್ ಎಂದು ಸೀನಿಯರ್‌ಗಳು ಹೇಳಿದ್ದನ್ನು ನಂಬಿ ಕೆಟ್ಟಿದ್ದೆ. ‘ಹಿಮಾಲಯದ ಉಗಮವನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಬರೆದದ್ದು ಮೂರೇ ಸಾಲು.

ಆ ಭಾನುವಾರ ಬೇಸರದಲ್ಲೇ ಊರಿಗೆ ಹೋದೆ. ತಾತ ದೇವರ ಪೆಟ್ಟಿಗೆ ತೆರೆದು ಸಾಲಿಗ್ರಾಮಗಳಿಗೆ ಅಭಿಷೇಕ ಮಾಡುತ್ತಿದ್ದರು. ಚಿಕ್ಕಂದಿನಿಂದ ನೋಡಿದ ಕಪ್ಪು ಕಲ್ಲುಗಳೇ. ಆದರೆ ಒಂದರೊಳಗಿನ ಸುರುಳಿ ಗೆರೆಗಳು ಅಂದು ಬೇರೆಯಾಗಿ ಕಂಡವು. ಅದೇ ಚಿತ್ರ ನನ್ನ ಪಠ್ಯಪುಸ್ತಕದಲ್ಲಿತ್ತು. ಕೆಳಗೆ ‘ಅಮೋನೈಟ್ ಪಳೆಯುಳಿಕೆ’ ಎಂದಿತ್ತು.

‘ತಾತ, ಇದು ಎಲ್ಲಿಂದ ಬಂತು?’ ಎಂದೆ.

‘ನೇಪಾಳದ ಗಂಡಕಿ ನದೀದು. ನಮ್ಮ ಮುತ್ತಜ್ಜನ ಕಾಲದಿಂದ ಮನೇಲಿದೆ. ಅದರೊಳಗೆ ಕಾಣೋದು ವಿಷ್ಣುವಿನ ಚಕ್ರ’ ಎಂದರು.

ಅಮೋನೈಟ್ ಎಂದರೆ ಆಕ್ಟೋಪಸ್ ಬಳಗಕ್ಕೆ ಸೇರಿದ, ಸುರುಳಿ ಚಿಪ್ಪಿನ ಸಮುದ್ರಜೀವಿ. ಈಗ ಅದರ ಸಂತತಿ ಇಲ್ಲ. 14 ಕೋಟಿ ವರ್ಷಕ್ಕೂ ಹಿಂದೆ, ಹಿಮಾಲಯವಿರುವ ಜಾಗದಲ್ಲಿ ಟೆಥಿಸ್ ಎಂಬ ಸಮುದ್ರವಿದ್ದಾಗ ಬದುಕಿದ್ದ ಜೀವಿ. ಸತ್ತು ತಳದ ಕೆಸರಿನಲ್ಲಿ ಹೂತು ಕಲ್ಲಾಯಿತು. ಮುಂದೆ ದಕ್ಷಿಣದಿಂದ ತೇಲುತ್ತಾ ಬಂದ ಭಾರತದ ಭೂಫಲಕ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವಿನ ಸಮುದ್ರದ ತಳ ಮಡಚಿಕೊಂಡು ಮೇಲೆದ್ದಿತು. 8,848.86 ಮೀಟರ್ ಎತ್ತರದ ಎವರೆಸ್ಟ್‌ನ ತುದಿಯಲ್ಲಿರುವುದೂ ಸಮುದ್ರದಲ್ಲಿ ಹುಟ್ಟಿದ ಸುಣ್ಣಕಲ್ಲೇ. ಕಾಳಿ ಗಂಡಕಿ ನದಿ ಆ ಹಳೆಯ ಪದರಗಳನ್ನು ಕೊರೆದಾಗ ಸಾಲಿಗ್ರಾಮಗಳು ಹೊರಬರುತ್ತವೆ.

ಹೇಳಿದರೆ ತಾತ ಬೇಸರ ಮಾಡಿಕೊಂಡಾರು ಎಂಬ ಅಳುಕಿತ್ತು. ಪೂರ್ತಿ ಕೇಳಿ, ‘ಸಮುದ್ರದಿಂದ ಬಂತು ಅಂದ್ರೆ ಸರಿಯೇ ಆಯ್ತಲ್ಲೋ. ಅವನು ಮಲಗೋದೇ ಕ್ಷೀರಸಾಗರದಲ್ಲಿ!’ ಎಂದು ನಕ್ಕರು.

ಹಾಸ್ಟೆಲ್‌ಗೆ ಮರಳಿದ ಮೇಲೆ ನಕ್ಷೆ ಹರವಿಕೊಂಡು ಓದಿದೆ. ಪಶ್ಚಿಮದ ನಂಗಾ ಪರ್ಬತ್‌ನಿಂದ ಪೂರ್ವದ ನಮ್ಚಾ ಬರ್ವಾವರೆಗೆ ಸುಮಾರು 2,400 ಕಿ.ಮೀ. ಉದ್ದ. ಉತ್ತರಕ್ಕೆ ಹಿಮಾದ್ರಿ, ನಡುವೆ ಹಿಮಾಚಲ, ದಕ್ಷಿಣದ ಅಂಚಿಗೆ ಶಿವಾಲಿಕ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದೆಲ್ಲ ಬಾಯಿಪಾಠ. ನನಗೆ ಹಿಡಿಸಿದ್ದು ನದಿಗಳ ಕಥೆ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಹುಟ್ಟುವುದು ಪರ್ವತದ ಆಚೆ, ಟಿಬೆಟ್‌ನಲ್ಲಿ. ಪರ್ವತ ಏಳುವ ಮೊದಲೇ ಹರಿಯುತ್ತಿದ್ದ ಇವು, ಅದು ಏಳುತ್ತಿದ್ದಂತೆ ಕೊರೆಯುತ್ತಲೇ ದಾರಿ ಉಳಿಸಿಕೊಂಡವು. 8,167 ಮೀಟರ್‌ನ ಧೌಲಗಿರಿ ಮತ್ತು 8,091 ಮೀಟರ್‌ನ ಅನ್ನಪೂರ್ಣಾ ನಡುವೆ ಹಾದುಬರುವ ಗಂಡಕಿಯೂ ಹಾಗೆಯೇ.

ಭಾರತ, ನೇಪಾಳ, ಭೂತಾನ್, ಚೀನಾ, ಪಾಕಿಸ್ತಾನ ಈ ಪರ್ವತವನ್ನು ಹಂಚಿಕೊಂಡಿವೆ. ಆದರೆ ಅನಾಹುತಗಳಿಗೆ ಗಡಿಯಿಲ್ಲ. 2008ರಲ್ಲಿ ಕೋಸಿ ನದಿಯ ಒಡ್ಡು ಒಡೆದದ್ದು ನೇಪಾಳದ ಕುಸಹಾದಲ್ಲಿ. ನೀರು ನುಗ್ಗಿ ಲಕ್ಷಾಂತರ ಜನ ಮನೆ ಬಿಟ್ಟದ್ದು ಬಿಹಾರದಲ್ಲಿ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಭಾರತ ಮತ್ತು ಟಿಬೆಟ್‌ನಲ್ಲೂ ಜನ ಸತ್ತರು.

ಡಿಕ್ಕಿ ಇನ್ನೂ ಮುಗಿದಿಲ್ಲವಲ್ಲ! ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮುಂದೆ ಹಿಮಾಲಯ ಕೂಸು. ಲಾಲ್‌ಬಾಗ್ ಬಂಡೆಯನ್ನೂ ನಮ್ಮನ್ನೂ ಹೊತ್ತ ಈ ಭೂಫಲಕವೇ ಅದನ್ನು ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಉತ್ತರಕ್ಕೆ ಒತ್ತುತ್ತಿದೆ. ನನಗೀಗ 20 ವರ್ಷ. ನಾನು ಹುಟ್ಟಿದ ಮೇಲೆ ಹೆಚ್ಚೂಕಡಿಮೆ ಒಂದು ಮೀಟರ್ ಸರಿದಿದ್ದೇವೆ. ಹೀಗೆ ಒತ್ತಿಸಿಕೊಂಡ ಬಂಡೆ ಎಷ್ಟೋ ಕಡೆ ಬಿರುಕು ಬಿಟ್ಟು ಸಡಿಲವಾಗಿರುತ್ತದೆ.

2023ರ ದೀಪಾವಳಿ ದಿನ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದಾಗ ನಾನು ಬಿಇಗೆ ಸೇರಿ ಸ್ವಲ್ಪ ದಿನವಾಗಿತ್ತಷ್ಟೆ. ಒಳಗೆ 41 ಕಾರ್ಮಿಕರು, 17 ದಿನ. ಮೆಸ್‌ನಲ್ಲಿ ಊಟ ಮಾಡುತ್ತಾ ಮೊಬೈಲ್‌ನಲ್ಲಿ ಸುದ್ದಿ ನೋಡುತ್ತಿದ್ದೆವು. ಕೊರೆಯುವ ಯಂತ್ರ ಮುರಿದುಹೋಗಿ, ಕೊನೆಯ ಕೆಲವು ಮೀಟರ್‌ಗಳನ್ನು ಕೈಯಿಂದಲೇ ಅಗೆದು ಎಲ್ಲರನ್ನೂ ಜೀವಂತ ಹೊರತಂದಾಗ ಚಪ್ಪಾಳೆ ತಟ್ಟಿದ್ದೆವು. ಅದಾಗಿ ವರ್ಷದೊಳಗೇ, ಬಂಡೆಯ ಬಗ್ಗೆ ಹೇಳಿಕೊಡುವ ಒಂದೇ ಪೇಪರನ್ನು ‘ಒಂದು ರಾತ್ರಿಯ ಓದು’ ಎಂದು ತಳ್ಳಿಹಾಕಿದ್ದೆ. ನಾಳೆ ಇಂಥದ್ದೇ ಸುರಂಗದ ನಕ್ಷೆಗೆ ಸಹಿ ಹಾಕಬೇಕಾದವರು ನಮ್ಮಂಥವರೇ ಅಲ್ಲವೇ? ಅಂಕ ಹೋದದ್ದಕ್ಕಿಂತ ಆ ಯೋಚನೆಯೇ ಹೆಚ್ಚು ಚುಚ್ಚಿತು.

ಎರಡನೇ ಇಂಟರ್ನಲ್ಸ್‌ನಲ್ಲಿ 41 ಬಂತು. ಈಗ ಗೆಳೆಯರಲ್ಲಿ ಹೆಚ್ಚಿನವರು ಕೋಡಿಂಗ್ ಕಲಿಯುತ್ತಿದ್ದಾರೆ. ಅದು ತಪ್ಪೇನಲ್ಲ, ನಮ್ಮ ಬ್ರ್ಯಾಂಚ್‌ನಲ್ಲಿ ಸಂಬಳದ ಲೆಕ್ಕ ನನಗೂ ಗೊತ್ತು. ನಾನು ಮಾತ್ರ ಸುರಂಗ, ಬಂಡೆಗಳ ವಿಷಯದಲ್ಲೇ ಮುಂದೆ ಓದಬೇಕೆಂದಿದ್ದೇನೆ. ಫೋನಿನಲ್ಲಿ ಹೇಳಿದಾಗ ಅಮ್ಮ, ‘ಆ ಬೆಟ್ಟ ಕುಸಿಯೋ ಜಾಗಕ್ಕೆ ನೀನ್ಯಾಕೋ ಹೋಗ್ಬೇಕು?’ ಎಂದಳು.

‘ಕುಸಿಯುತ್ತೆ ಅಂತಲೇ ಅಮ್ಮಾ’ ಎಂದೆ. ಅಮ್ಮ ಇನ್ನೂ ಒಪ್ಪಿಲ್ಲ. ತಾತ ಮಾತ್ರ, ‘ಆ ಕಡೆ ಹೋದ್ರೆ ಗಂಡಕಿ ನೋಡ್ಕೊಂಡು ಬಾ’ ಎಂದಿದ್ದಾರೆ.